ಪುತ್ತರಿಯ ಬಣ್ಣಗಳು ಮತ್ತು ವರ್ಣಕೋಷ್ಟಕ: ಚಿತ್ರದಾಖಲೆಯ ಮೂಲಪಾಠವನ್ನು ಕುರಿತು

ಜಾನಪದ ಕ್ಷೇತ್ರಕಾರ್ಯದಲ್ಲಿ ಧ್ವನಿಮುದ್ರಣದಷ್ಟೇ ಸಹಜವಾಗಿ ವಿಡಿಯೊ ಚಿತ್ರೀಕರಣವೂ ಬಳಕೆಗೆ ಬಂದಿದೆ. ಸಂಕಲನ ತಂತ್ರಾಂಶದ ಪರದೆಯ ಮೇಲೆ ನಾವು ಕಾಣುವ ಬಣ್ಣ, ಕ್ಯಾಮೆರಾ ದಾಖಲಿಸಿದ ಬಣ್ಣವೇ? ಕೊಡಗಿನ ಪುತ್ತರಿ ಹಬ್ಬವನ್ನು ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪುತ್ತರಿಯಂದು ಕದಿರು ತೆಗೆಯುವುದು ರಾತ್ರಿಯ ವೇಳೆ. ಐನ್‌ಮನೆಯಿಂದ ದೀಪದೊಂದಿಗೆ ಗದ್ದೆಗೆ ಹೊರಡುವ ಕುಟುಂಬದವರಲ್ಲಿ ಕಪ್ಪು ಕುಪ್ಯ, ಕೆಂಪು ಚೇಲೆ ಧರಿಸಿದವರಿರುತ್ತಾರೆ. ಇಲ್ಲಿ ಬಣ್ಣವು ಕೇವಲ ಅಲಂಕಾರವಲ್ಲ. ಮದುವೆಯಲ್ಲಿ ಮದುಮಗನು ಬಿಳಿಯ ಕುಪ್ಯ ತೊಡುವುದನ್ನು ನೆನೆದರೆ ಬಣ್ಣಕ್ಕಿರುವ ಸಾಮಾಜಿಕ ಅರ್ಥ ಸ್ಪಷ್ಟವಾಗುತ್ತದೆ. ಆದರೆ ಒಂದೇ ದೃಶ್ಯದಲ್ಲಿ ದೀಪದ ಉಜ್ವಲ ಕುಡಿಯೂ ಗದ್ದೆಯ ಕತ್ತಲೂ ಸೇರಿರುವುದರಿಂದ ಇದರ ಚಿತ್ರೀಕರಣ ಕಷ್ಟಸಾಧ್ಯ.

ಇಂತಹ ಸಂದರ್ಭಕ್ಕಾಗಿ ಅನೇಕ ಕ್ಯಾಮೆರಾಗಳಲ್ಲಿ 'ಲಾಗ್' ಎಂಬ ದಾಖಲಾತಿ ಕ್ರಮವಿದೆ. ಇದು ಅತಿ ಬೆಳಕಿನ ಭಾಗವನ್ನು ಸಂಕೋಚಗೊಳಿಸಿ, ನೆರಳಿನ ಭಾಗಕ್ಕೆ ಹೆಚ್ಚಿನ ಅಂಕಿಗಳನ್ನು ಮೀಸಲಿಡುತ್ತದೆ. ಸಾಮಾನ್ಯ ಪರದೆಗಳು ಅನುಸರಿಸುವುದು 1990ರಲ್ಲಿ ರೂಪುಗೊಂಡ ರೆಕ್ 709 ಎಂಬ ಮಾನಕವನ್ನು. ಆದ್ದರಿಂದ ಲಾಗ್ ಚಿತ್ರಿಕೆಯು ಅಲ್ಲಿ ಬೂದಿ ಮುಚ್ಚಿದಂತೆ ಮಂಕಾಗಿ ತೋರುತ್ತದೆ. ಈ ಮಂಕನ್ನು ನೀಗಿ ಮುನ್ನೋಟ ಒದಗಿಸುವ ಸಾಧನವೇ ಲುಕಪ್ ಟೇಬಲ್, ಸಂಕ್ಷೇಪವಾಗಿ 'ಲಟ್'.

ಲಟ್ ಎಂಬುದು ಒಂದು ಬಗೆಯ ಮಗ್ಗಿ. ಮಗ್ಗಿ ಬಲ್ಲವನು ಗುಣಾಕಾರ ಮಾಡದೆ ಉತ್ತರ ಹೇಳುವಂತೆ, ತಂತ್ರಾಂಶವು ಒಳಬಂದ ಕೆಂಪು, ಹಸಿರು, ನೀಲಿ ಅಂಕಿಗಳಿಗೆ ಮೊದಲೇ ನಿಗದಿಯಾದ ಅಂಕಿಗಳನ್ನು ಕೋಷ್ಟಕದಿಂದ ಎತ್ತಿಕೊಡುತ್ತದೆ. ಹತ್ತು ಬಿಟ್ ಚಿತ್ರದಲ್ಲಿ ಪ್ರತಿ ವರ್ಣಕ್ಕೆ 1024 ಹಂತಗಳಿದ್ದು, ಒಟ್ಟು ಸಂಯೋಜನೆಗಳು 107 ಕೋಟಿಯನ್ನು ಮೀರುತ್ತವೆ. ಅಷ್ಟನ್ನೂ ಬರೆದಿಡುವುದು ಅಸಾಧ್ಯವಾದ ಕಾರಣ, ಸಾಮಾನ್ಯ ಬಳಕೆಯ ಮೂರು ಆಯಾಮದ ಕೋಷ್ಟಕದಲ್ಲಿ ಪ್ರತಿ ಬದಿಗೆ 33ರಂತೆ 35,937 ಬಿಂದುಗಳು ಮಾತ್ರ ಇರುತ್ತವೆ. ನಡುವಿನ ಬಣ್ಣಗಳನ್ನು ತಂತ್ರಾಂಶವು ನೆರೆಯ ಬಿಂದುಗಳಿಂದ ಅಂದಾಜಿಸುತ್ತದೆ.

ಈ ಕೋಷ್ಟಕಕ್ಕೆ ಗದ್ದೆಯ ಕತ್ತಲಾಗಲಿ ದೀಪದ ಹಳದಿಯಾಗಲಿ ತಿಳಿಯದು. ಒಂದು ಕ್ಯಾಮೆರಾದ ಲಾಗ್‌ಗೆ ಸಿದ್ಧಪಡಿಸಿದ ಲಟ್ ಅನ್ನು ಮತ್ತೊಂದಕ್ಕೆ ಹಚ್ಚಿದರೆ ಚೇಲೆಯ ಕೆಂಪು ಕಿತ್ತಳೆಯತ್ತ ಜಾರಬಹುದು. ನೆರಳಿಗೆ ನೀಲಿ ಬೆರೆಸುವ 'ಸಿನಿಮೀಯ' ಲಟ್‌ಗಳಲ್ಲಿ ಕಪ್ಪು ಕುಪ್ಯ ನೀಲಿಯಾಗುತ್ತದೆ. ಕುಪ್ಯದ ನೆರಿಗೆಗಳು ಮೂಲ ಕಡತದಲ್ಲಿದ್ದರೂ ಮುನ್ನೋಟದಲ್ಲಿ ಕಪ್ಪಿನೊಳಗೆ ಅಡಗಬಹುದು. ಮುನ್ನೋಟವಾಗಿರುವವರೆಗೆ ಮೂಲಕ್ಕೆ ಧಕ್ಕೆಯಿಲ್ಲ. ಆದರೆ ಲಟ್ ಸಹಿತವಾಗಿ ಹೊಸ ಕಡತ ತಯಾರಿಸಿ ಮೂಲವನ್ನು ಅಳಿಸಿದರೆ ನಷ್ಟ ಶಾಶ್ವತ. ಹಲವು ಭಿನ್ನ ಅಂಕಿಗಳು ಒಂದೇ ಅಂಕಿಯಾಗಿ ಪರಿವರ್ತಿತವಾದಲ್ಲಿ ಹಿಂದಿರುಗುವ ದಾರಿಯಿಲ್ಲ.

ಈ ಸಮಸ್ಯೆ ಜಾನಪದ ಸಂಗ್ರಾಹಕರಿಗೆ ಅಪರಿಚಿತವಲ್ಲ. ನಡಿಕೇರಿಯಂಡ ಚಿಣ್ಣಪ್ಪನವರ 'ಪಟ್ಟೋಲೆ ಪಳಮೆ' 1924ರಲ್ಲಿ ಪ್ರಕಟವಾಗಿ ಕೊಡವ ಹಾಡುಗಳನ್ನು ಉಳಿಸಿತು. ಆದರೆ ಕೊಡವ ಭಾಷೆಯ ಕೆಲವು ಮಧ್ಯಸ್ವರಗಳಿಗೆ ಕನ್ನಡ ವರ್ಣಮಾಲೆಯಲ್ಲಿ ಪ್ರತ್ಯೇಕ ಅಕ್ಷರಗಳಿಲ್ಲ. ಆ ಸ್ವರಗಳನ್ನು ಕುರಿತು ಎಂ.ಬಿ. ಎಮೆನೋ 1970ರಲ್ಲಿ ಪ್ರತ್ಯೇಕ ಲೇಖನವನ್ನೇ ಬರೆದರು. ಹೆಚ್ಚುವರಿ ಚಿಹ್ನೆಗಳಿಲ್ಲದೆ ಬರೆದಾಗ ಎರಡು ಸ್ವರಗಳು ಒಂದೇ ಅಕ್ಷರಕ್ಕೆ ಬಂದು ನಿಲ್ಲುತ್ತವೆ; ಉಚ್ಚಾರಣೆಯನ್ನು ಮರಳಿ ಪಡೆಯಲು ಹಾಡುಗಾರನ ಬಾಯಿಯೇ ಬೇಕು. ಲಿಪ್ಯಂತರದಂತೆ ಲಟ್ ಕೂಡ ಒಂದು ಸಂಪಾದಿತ ಪಾಠ. ಲಾಗ್ ಕಡತವೇ ಮೂಲಪಾಠ.

ಆದಕಾರಣ ದಾಖಲಾಗಾರಗಳು ಕೆಲವು ಕ್ರಮಗಳನ್ನು ಪಾಲಿಸುವುದು ಅವಶ್ಯ. ಲಾಗ್ ಕಡತವನ್ನು ಬದಲಾಯಿಸದೆ ಕಾಪಿಡಬೇಕು. ಬಳಸಿದ ಲಟ್ ಅನ್ನೂ ಜೊತೆಗಿಡಬೇಕು. 'ಕ್ಯೂಬ್' ಮಾದರಿಯ ಲಟ್ ಸರಳ ಪಠ್ಯ ಕಡತವಾದ್ದರಿಂದ ಇದು ಹೊರೆಯಲ್ಲ. ಕ್ಯಾಮೆರಾ, ಲಾಗ್‌ನ ಬಗೆ ಮತ್ತು ಲಟ್‌ನ ಹೆಸರನ್ನು ಸೂಚಿಪತ್ರದಲ್ಲಿ ನಮೂದಿಸಬೇಕು. ಆಚರಣೆಗೆ ಅಡ್ಡಿಯಾಗದಂತೆ, ಆರಂಭಕ್ಕೆ ಮುನ್ನ ಅದೇ ದೀಪದ ಬೆಳಕಿನಲ್ಲಿ ವರ್ಣಫಲಕವೊಂದನ್ನು ಚಿತ್ರೀಕರಿಸಬೇಕು.

ಒಟ್ಟಿನಲ್ಲಿ, ಲಟ್ ನೋಡಲು ನೆರವಾಗುವ ಕನ್ನಡಕವೇ ಹೊರತು ನೋಟದ ಸಾಕ್ಷಿಯಲ್ಲ. ನಾಳಿನ ಸಂಶೋಧಕನು ಕುಪ್ಯದ ಬಣ್ಣವನ್ನು ಕುರಿತು ಪ್ರಶ್ನಿಸಿದಾಗ ಉತ್ತರಿಸಬೇಕಾದುದು ಕ್ಯಾಮೆರಾ ಕಂಡ ಪುತ್ತರಿಯ ರಾತ್ರಿ, ಸಂಕಲನಕಾರನ ಅಭಿರುಚಿಯಲ್ಲ.