ಹಲಗೆಯ ಭಾರ, ಗೋಡೆಯ ಹಿಡಿತ

ಅಡುಗೆಮನೆಯ ಗೋಡೆಗೆ ಹಾಕಿದ ಶೆಲ್ಫ್ ಒಂದೇ ಏಟಿಗೆ ಧೊಪ್ಪನೆ ಬೀಳುವುದು ಅಪರೂಪ. ಮೊದಲು ಬ್ರಾಕೆಟ್ಟಿನ ಮೇಲ್ತುದಿಗೂ ಗೋಡೆಗೂ ನಡುವೆ ಕೂದಲೆಳೆಯಷ್ಟು ಸಂದು ಕಾಣುತ್ತದೆ. ಕೆಲವು ದಿನ ಕಳೆದರೆ ಕೆಳಗಿನ ಕಟ್ಟೆಯ ಮೇಲೆ ಚಿಟಿಕೆ ಪುಡಿ ಉದುರಿರುತ್ತದೆ. ಆಮೇಲೆ ಹಲಗೆ ಮುಂದಕ್ಕೆ ವಾಲುತ್ತದೆ, ಡಬ್ಬಗಳು ಒಂದೊಂದೇ ಜಾರುತ್ತವೆ.

ಹೀಗಾಗಲು ಕಾರಣ ಸನ್ನೆಯ ತತ್ತ್ವ. ಸುತ್ತಿಗೆಯ ಸೀಳುಬಾಯಿಗೆ ಮೊಳೆ ಸಿಕ್ಕಿಸಿ ಹಿಡಿ ಒತ್ತಿದಾಗ ಏನಾಗುತ್ತದೋ ಶೆಲ್ಫಿನಲ್ಲೂ ಅದೇ ಆಗುತ್ತದೆ, ತುಂಬಾ ನಿಧಾನವಾಗಿ ಅಷ್ಟೆ. ನಮ್ಮ ಕೃಷ್ಣರಾಜನಗರ ಭತ್ತದ ಸೀಮೆ, ಹಾಗಾಗಿ ಅಕ್ಕಿಯಲ್ಲೇ ಲೆಕ್ಕ ಹಾಕೋಣ. ಐದು ಲೀಟರಿನ ಸ್ಟೀಲ್ ಡಬ್ಬಕ್ಕೆ ಸುಮಾರು 4 ಕಿಲೋ ಅಕ್ಕಿ ಹಿಡಿಯುತ್ತದೆ. ಐದು ಡಬ್ಬ ಸಾಲಾಗಿ ಇಟ್ಟರೆ 20 ಕಿಲೋ. ಹಲಗೆಯ ಅಗಲ 25 ಸೆಂ.ಮೀ. ಇದ್ದರೆ ಭಾರದ ನಡುಬಿಂದು ಗೋಡೆಯಿಂದ 12.5 ಸೆಂ.ಮೀ. ಮುಂದೆ ಇರುತ್ತದೆ. ಬ್ರಾಕೆಟ್ಟಿನ ಕೆಳತುದಿ ಗೋಡೆಗೆ ಒತ್ತಿ ನಿಲ್ಲುತ್ತದೆ, ಮೇಲಿನ ಸ್ಕ್ರೂ ಹೊರಕ್ಕೆ ಎಳೆಸಿಕೊಳ್ಳುತ್ತದೆ. ಇವೆರಡರ ನಡುವೆ 20 ಸೆಂ.ಮೀ. ಇದ್ದರೆ ಮೇಲಿನ ಸ್ಕ್ರೂಗಳೆಲ್ಲ ಸೇರಿ ತಡೆಯಬೇಕಾದ ಎಳೆತ 12.5 ಕಿಲೋ. ಬ್ರಾಕೆಟ್ 10 ಸೆಂ.ಮೀ.ನದಾದರೆ ಅದು 25 ಕಿಲೋ. ಭಾರವೆಲ್ಲ ಹಲಗೆಯ ಮುಂದಿನ ಅಂಚಿನ ಮೇಲೇ ಬಿದ್ದರೆ 50. ಅಕ್ಕಿ ಒಂದು ಕಾಳೂ ಹೆಚ್ಚಾಗಿಲ್ಲ!

ಅಂಗಡಿಯಲ್ಲಿ ಬ್ರಾಕೆಟ್ಟಿನ ಕಬ್ಬಿಣ ಎಷ್ಟು ದಪ್ಪ ಎಂದು ಕೇಳುವವರೇ ಹೆಚ್ಚು. ನಾನು ಮೊದಲು ನೋಡುವುದು ಅದರ ಎತ್ತರ. ಬ್ರಾಕೆಟ್ಟೇ ಕಾಣದ, ಗೋಡೆಯಿಂದ ತೇಲಿಬಂದಂತಿರುವ ಶೆಲ್ಫುಗಳು ಈಗ ಫ್ಯಾಷನ್. ಅವುಗಳೊಳಗಿನ ಪಟ್ಟಿಯಲ್ಲಿ ಎಳೆತ ತಡೆಯಲು ಸಿಗುವ ಎತ್ತರ 3 ಸೆಂ.ಮೀ. ಇದ್ದರೆ ಅದೇ ಐದು ಡಬ್ಬಕ್ಕೆ ಎಳೆತ 80 ಕಿಲೋ ದಾಟುತ್ತದೆ. ಫೋಟೋ, ಗಡಿಯಾರ ಇಡಲು ಅವು ಚೆಂದ. ಅಕ್ಕಿ ಡಬ್ಬಕ್ಕೆ ಬೇಡ.

ಹಳಬರು ಈ ಎಳೆತಕ್ಕೆ ಸ್ಕ್ರೂ ಇಲ್ಲದೆಯೇ ಉತ್ತರ ಕಂಡುಕೊಂಡಿದ್ದರು. ಹಳೇ ಮೈಸೂರಿನ ಮಣ್ಣಿನ ಗೋಡೆಯ ಮನೆಗಳಲ್ಲಿ ಗಿಳಿಗೂಟವನ್ನೋ ನಾಗಂದಿಗೆ ಹೊರುವ ಮರದ ತುಂಡನ್ನೋ ಗೋಡೆ ಏರುತ್ತಿರುವಾಗಲೇ ಒಳಗೆ ಆಳವಾಗಿ ಹೂತುಬಿಡುತ್ತಿದ್ದರು. ಹೊರಗಿನ ತುದಿಯ ಮೇಲೆ ಭಾರ ಬಿದ್ದಾಗ ಒಳಗಿನ ತುದಿ ಮೇಲೇಳಲು ನೋಡುತ್ತದೆ, ಅದರ ಮೇಲೆ ಕೂತ ಗೋಡೆಯ ತೂಕ ಬಿಡುವುದಿಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಬ್ಯಾರನ್ನುಗಳಲ್ಲಿ ಹಸಿ ಸೊಪ್ಪಿನ ಭಾರ ಹೊರುವ ಅಡ್ಡಗಳುಗಳೂ ಗೋಡೆಯನ್ನೇ ನಂಬಿವೆ. ಅಡುಗೆಮನೆಯ ಕಡಪ ಕಲ್ಲಿನ ಶೆಲ್ಫ್ ಒಂದೂ ಮೊಳೆಯಿಲ್ಲದೆ ತಲೆಮಾರು ಕಳೆಯುವುದು ಕೂಡ ಅದರ ಅಂಚುಗಳು ಗೋಡೆಯೊಳಗೆ ಕೂತಿರುವುದರಿಂದ.

ಕಟ್ಟಿ ಮುಗಿದ ಗೋಡೆಗೆ ಈ ಉಪಾಯ ನಡೆಯದು. ಗೋಡೆಯಲ್ಲಿ ದೊಡ್ಡ ತೂತು ಕಡಿದು, ಮರದ ತುಂಡು ಜಡಿದು, ಅದಕ್ಕೆ ಸ್ಕ್ರೂ ಹಾಕುವುದು ಒಂದು ಕಾಲದ ಪದ್ಧತಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ವಿದ್ಯುತ್ ಸಾಮಾನು ಕೂರಿಸುವ ಕೆಲಸ ಹಿಡಿದ ಜಾನ್ ಜೋಸೆಫ್ ರಾಲಿಂಗ್ಸ್ ಎಂಬ ಗುತ್ತಿಗೆದಾರನಿಗೆ ಹಾಗೆ ಗೋಡೆ ಕೆಡಿಸುವಂತಿರಲಿಲ್ಲ. ಅಂಟು ಹಾಕಿ ಬಿಗಿದ ಸೆಣಬಿನ ನಾರಿನ ಪುಟ್ಟ ಕೊಳವೆಗೆ ಅವನು 1911ರಲ್ಲಿ ಪೇಟೆಂಟ್ ಪಡೆದ. ನಮ್ಮ ಹಾರ್ಡ್‌ವೇರ್ ಅಂಗಡಿಗಳ ರಾವಲ್ ಪ್ಲಗ್ ಅವನದೇ ವಂಶ. 1958ರಲ್ಲಿ ಜರ್ಮನಿಯ ಆರ್ಟುರ್ ಫಿಷರ್ ಅದನ್ನು ನೈಲಾನಿನಲ್ಲಿ ಮಾಡಿದ.

ಒಂದು ಪ್ಲಗ್ಗನ್ನು ಕೈಯಲ್ಲಿ ಹಿಡಿದು ನೋಡಿ. ತುದಿ ಸೀಳಿರುತ್ತದೆ, ಮೈಮೇಲೆ ಹಲ್ಲುಗಳಿರುತ್ತವೆ, ಒಳಗಿನ ತೂತು ಸ್ಕ್ರೂಗಿಂತ ಸಣ್ಣದು. ಸ್ಕ್ರೂ ಒಳಹೋದಂತೆ ಸೀಳಿದ ಭಾಗಗಳು ಅಗಲಿ ಗೋಡೆಯ ತೂತಿನ ಸುತ್ತ ಒತ್ತುತ್ತವೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಹಿಡಿತ. 8 ಮಿ.ಮೀ. ಪ್ಲಗ್ಗಿಗೆ ಸಾಮಾನ್ಯವಾಗಿ 5 ಮಿ.ಮೀ. ಸ್ಕ್ರೂ ಬೇಕು. ಮನೆಯಲ್ಲಿ ಬಿದ್ದಿದೆ ಎಂದು ಸಣ್ಣ ಸ್ಕ್ರೂ ಹಾಕಿದರೆ ಪ್ಲಗ್ ಅರಳುವುದೇ ಇಲ್ಲ. ಸಡಿಲ ತೂತಿಗೆ ಬೆಂಕಿಕಡ್ಡಿ ತುರುಕುವವರಿದ್ದಾರೆ. ಮಳೆಗಾಲದಲ್ಲಿ ತೇವ ಕುಡಿದು ಊದಿದ ಕಡ್ಡಿ ಬಿಗಿಯಾಗಿರುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಸ್ಕ್ರೂ ಮತ್ತೆ ಅಲುಗುತ್ತದೆ.

ಒತ್ತುವ ಕೆಲಸ ಪ್ಲಗ್ಗಿನದು, ತಿರುಗಿ ಒತ್ತಿ ನಿಲ್ಲುವ ಕೆಲಸ ಗೋಡೆಯದು. ಹಾಗಾಗಿ ಶೆಲ್ಫ್ ಆರಿಸುವ ಮೊದಲು ಗೋಡೆ ಯಾವುದೆಂದು ತಿಳಿಯಬೇಕು. ಕೃಷ್ಣರಾಜನಗರದಂಥ ಊರಿನಲ್ಲಿ ಹಳೆಯ ಹೆಂಚಿನ ಮನೆ, ಇಟ್ಟಿಗೆ ಮನೆ, ನಿನ್ನೆ ಮೊನ್ನೆಯ ಸಿಮೆಂಟ್ ಬ್ಲಾಕಿನ ಮನೆ ಎಲ್ಲ ಅಕ್ಕಪಕ್ಕದಲ್ಲೇ ಇರುತ್ತವೆ. ಬಣ್ಣ ಬಳಿದ ಮೇಲೆ ಹೊರಗಿನಿಂದ ಎಲ್ಲವೂ ಒಂದೇ.

ಗುಟ್ಟು ಬಿಟ್ಟುಕೊಡುವುದು ಡ್ರಿಲ್ಲಿಂಗ್ ಮಷಿನ್ನಿನಿಂದ ಉದುರುವ ಪುಡಿ. ಮೊದಲ ಒಂದೂವರೆ ಸೆಂ.ಮೀ.ವರೆಗೆ ಬೂದು ಪುಡಿ ಬರುತ್ತದೆ. ಅದು ಪ್ಲಾಸ್ಟರಿಂಗ್, ಭಾರಕ್ಕೆ ಅದರ ಲೆಕ್ಕವಿಲ್ಲ. ಆಮೇಲೆ ಕೆಂಪು ಪುಡಿ ಬಂದರೆ ಇಟ್ಟಿಗೆ, ಬೂದು ಪುಡಿಯೇ ಮುಂದುವರಿದು ಬಿಟ್ ಹಟ ಹಿಡಿದರೆ ಕಾಂಕ್ರೀಟ್ ಅಥವಾ ಸಾಲಿಡ್ ಬ್ಲಾಕ್. ಎರಡೂ ಒಳ್ಳೆಯವೇ. ಬಿಟ್ ಬೆಣ್ಣೆಯಲ್ಲಿ ಇಳಿದಂತೆ ಇಳಿದು ನುಣ್ಣನೆಯ ಪುಡಿ ಬಂದರೆ ಅದು ಹಗುರ ಬ್ಲಾಕ್. ಅಲ್ಲಿ ಮಷಿನ್ನಿನ ಹ್ಯಾಮರ್ ನಿಲ್ಲಿಸಿ, ಆ ಬ್ಲಾಕಿಗೆಂದೇ ಬರುವ ಉದ್ದದ ಪ್ಲಗ್ ಹಾಕಬೇಕು. ಮಣ್ಣು ಬಂದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಒತ್ತಿದಷ್ಟೂ ಕುಸಿಯುವ ಗೋಡೆಗೆ ಪ್ಲಗ್ಗಿನಿಂದ ಉಪಯೋಗವಿಲ್ಲ, ನೆಲದ ಮೇಲೆ ನಿಲ್ಲುವ ಸ್ಟ್ಯಾಂಡೇ ವಾಸಿ.

ತೂತಿನೊಳಗೆ ಉಳಿದ ಪುಡಿಯೂ ಘರ್ಷಣೆಯ ಶತ್ರು. ಬಾಯಿಂದ ಊದಿದರೆ ಕಣ್ಣಿಗೆ ಬೀಳುತ್ತದೆ; ಸೈಕಲ್ ಪಂಪಿನ ಕೊಳವೆ ಇಳಿಸಿ, ಮುಖ ಆ ಕಡೆ ತಿರುಗಿಸಿ ನಾಲ್ಕು ಸಲ ಒತ್ತಿದರೆ ಸಾಕು. ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ, ಅಕ್ಕಪಕ್ಕ ತೂತು ಹೊಡೆಯಬೇಡಿ. ಗೋಡೆಯೊಳಗಿನ ವೈರು ಸಾಮಾನ್ಯವಾಗಿ ಆ ಗೆರೆಗಳಲ್ಲೇ ಓಡಿರುತ್ತದೆ.

ಇನ್ನು ಹಲಗೆ. ಅದೇ ದಪ್ಪದ, ಅಷ್ಟೇ ಒತ್ತಾಗಿ ಸಾಮಾನು ತುಂಬಿದ ಹಲಗೆಯಲ್ಲಿ ಬ್ರಾಕೆಟ್ಟುಗಳ ಅಂತರ ಇಮ್ಮಡಿಯಾದರೆ ನಡುವಿನ ಬಾಗು ಹದಿನಾರು ಪಟ್ಟಾಗುತ್ತದೆ. ದಪ್ಪ ಇಮ್ಮಡಿಯಾದರೆ ಬಾಗು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಆದರೆ ದುಡ್ಡು ಖರ್ಚಿಲ್ಲದ ದಾರಿಯೂ ಒಂದಿದೆ. ಬ್ರಾಕೆಟ್ಟುಗಳನ್ನು ಹಲಗೆಯ ಎರಡು ತುದಿಗಳಿಗೆ ಕೂರಿಸುವ ಬದಲು, ಪ್ರತಿ ತುದಿಯಿಂದ ಉದ್ದದ ಶೇ. 22ರಷ್ಟು ಒಳಗೆ ತನ್ನಿ. ಹೊರಗೆ ಚಾಚಿದ ತುದಿಗಳ ಭಾರ ನಡುಭಾಗವನ್ನು ಮೇಲಕ್ಕೆತ್ತಲು ನೋಡುವುದರಿಂದ ಬಾಗು ಹತ್ತನೇ ಒಂದು ಪಾಲಿಗಿಂತಲೂ ಕಡಿಮೆಯಾಗುತ್ತದೆ. ನಾಲ್ಕಡಿ ಹಲಗೆಗೆ ಆ ಶೇ. 22 ಎಂದರೆ ಹೆಚ್ಚುಕಡಿಮೆ ಹತ್ತೂವರೆ ಇಂಚು.