ಹುಲಿ, ಕುರಿ ಮತ್ತು ಗುದ್ದಾಟದ ಗಣಿತ

ಸಿಂಧನೂರು ತಾಲ್ಲೂಕು ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಬತ್ತ ಬೆಳೆಯುವ ಸೀಮೆ. ಅಲ್ಲಿನ ಗೊರೇಬಾಳದಂಥ ಊರುಗಳ ಹಿರಿಯರಿಗೆ ಹುಲಿ-ಕುರಿ ಆಟ ಹೊಸದಲ್ಲ. ನೆಲದ ಮೇಲೆ ಗೆರೆ ಎಳೆದು, ಹರಳುಗಳನ್ನು ಹೂಡಿ ಆಡಿದ ನೆನಪು ಅನೇಕರಿಗೆ ಇದ್ದೀತು. ಅವರ ಮೊಮ್ಮಕ್ಕಳ ಕೈಯಲ್ಲಿ ಈಗ ಮೊಬೈಲು ಬಂದಿದೆ. ಅದರ ಗಾಜಿನ ಮೇಲೆ ಇಬ್ಬರು ಜಟ್ಟಿಗಳು ಒಬ್ಬರನ್ನೊಬ್ಬರು ಗುದ್ದುತ್ತಾರೆ. ಆಟ ಬದಲಾಯಿತಾದರೂ ಸೋತವನ ದೂರು ಬದಲಾಗಿಲ್ಲ. "ಆ ಪಕ್ಷಕ್ಕೆ ಬಲ ಹೆಚ್ಚು, ಈ ಆಟದಲ್ಲಿ ನ್ಯಾಯವಿಲ್ಲ" ಎಂಬುದೇ ಆ ದೂರು. ಅದರಲ್ಲಿ ಎಷ್ಟು ಸತ್ಯವಿದೆಯೆಂಬುದನ್ನು ನಾವಿಲ್ಲಿ ವಿಚಾರಿಸೋಣ.

ಮೊದಲು ಹಳೆಯ ಆಟವನ್ನೇ ನೋಡೋಣ. ಹಂಪೆಯ ಮಂಟಪಗಳ ಕಲ್ಲುಹಾಸುಗಳ ಮೇಲೂ ಹಿಂದಿನವರು ಕೊರೆದ ಆಟದ ಮನೆಗಳು ಕಾಣಸಿಗುತ್ತವೆ. ಹುಲಿ-ಕುರಿ ಆಟದ ರೂಢಿಯಲ್ಲಿರುವ ಒಂದು ಬಗೆಯಲ್ಲಿ ಹುಲಿಗಳು ಮೂರು, ಕುರಿಗಳು ಹದಿನೈದು. ಹುಲಿಯು ಕುರಿಯ ಮೇಲಿಂದ ಹಾರಿ ಆಚೆಯ ಬರಿದಾದ ಮನೆಗೆ ಇಳಿದರೆ ಆ ಕುರಿ ಸತ್ತಂತೆ. ಹುಲಿಗಳಿಗೆ ಕದಲಲು ಎಡೆಯಿಲ್ಲದಂತೆ ಕುರಿಗಳು ಮುತ್ತಿಕೊಂಡರೆ ಗೆಲುವು ಕುರಿಗಳದು. ಎರಡು ಪಕ್ಷಗಳ ಸಂಖ್ಯೆ ಬೇರೆ, ನಡೆ ಬೇರೆ, ಗುರಿಯೂ ಬೇರೆ. ಹೊಸಬರು ಆಡುವಾಗ ಹುಲಿಯೇ ಬಲಶಾಲಿಯೆಂದು ತೋರುತ್ತದೆ. ಕುರಿಯಾಡುವವನು ಒಂದು ಮನೆಯನ್ನು ಹಿಂಬದಿಯಲ್ಲಿ ಬರಿದಾಗಿ ಬಿಟ್ಟರೂ ಕುರಿ ಹೋಯಿತು. ಹೋದ ಕುರಿ ಮರಳಿ ಬರುವುದಿಲ್ಲ. ಪಳಗಿದವನಾದರೋ ಕುರಿಗಳನ್ನು ಒಂದಕ್ಕೊಂದು ಬೆನ್ನು ಕೊಟ್ಟು ನಿಲ್ಲಿಸುತ್ತಾನೆ. ಆಗ ಹುಲಿಗೆ ಹಾರಲು ಜಾಗವೇ ಇರುವುದಿಲ್ಲ. ಇದರ ನೇಪಾಳಿ ಬಂಧುವಾದ, ನಾಲ್ಕು ಹುಲಿ ಇಪ್ಪತ್ತು ಕುರಿಗಳ 'ಬಾಘ್-ಚಾಲ್' ಆಟವನ್ನು ಲಿಮ್ ಯೂ ಜಿನ್ ಮತ್ತು ಯೂರ್ಗ್ ನೀವರ್ಗೆಲ್ಟ್ ಎಂಬ ವಿದ್ವಾಂಸರು ಗಣಕಯಂತ್ರದಿಂದ ಪೂರ್ಣವಾಗಿ ಪರಿಶೀಲಿಸಿದರು. ಇಬ್ಬರೂ ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲುವುದಿಲ್ಲವೆಂದು ಸಿದ್ಧವಾಯಿತು. ಹೊಸಬನ ಕಣ್ಣಿಗೆ ಓರೆಯಾಗಿ ಕಂಡ ತಕ್ಕಡಿ ಬಲ್ಲವನ ಕೈಯಲ್ಲಿ ನೆಟ್ಟಗೆ ನಿಂತಿತು!

ಗುದ್ದಾಟದ ವಿಡಿಯೋ ಆಟಗಳಲ್ಲಿಯೂ ಪಕ್ಷಗಳು ಸಮಾನವಲ್ಲ. 1991ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ ಹೊರತಂದ 'ಸ್ಟ್ರೀಟ್ ಫೈಟರ್ 2' ಎಂಬ ಆಟದಲ್ಲಿ ಆಡುವವರು ಆರಿಸಿಕೊಳ್ಳಲು ಎಂಟು ಪಾತ್ರಗಳಿದ್ದವು. ಅವರಲ್ಲಿ ಧಾಲ್ಸಿಮ್ ಎಂಬ ಭಾರತದ ಯೋಗಿ ಕೈಕಾಲುಗಳನ್ನು ರಬ್ಬರಿನಂತೆ ನೀಡಿ ದೂರದಿಂದಲೇ ಹೊಡೆಯುತ್ತಾನೆ. ಜಾಂಗೀಫ್ ಎಂಬ ರಷ್ಯದ ಕುಸ್ತಿಯಾಳು ಹತ್ತಿರ ಬಂದು ಎತ್ತಿ ಕೆಡವುತ್ತಾನೆ. ಜಾಂಗೀಫನ ಹೆಸರಾದ ಪಟ್ಟಿಗೆ ಹಿಡಿಕೋಲನ್ನು ಒಂದು ಸುತ್ತು ಪೂರ್ತಿ ತಿರುಗಿಸಬೇಕಾಗಿತ್ತು. ಆ ಕೈಚಳಕವಿಲ್ಲದವನಿಗೆ ಅವನು ಬರಿಯ ಬೊಜ್ಜಿನ ಮುದ್ದೆ, ಇದ್ದವನಿಗೆ ಸಿಡಿಲು. ಹಾಗಾದರೆ ಅವನ ಬಲವನ್ನು ಅಳೆಯುವುದು ಯಾರ ಕೈಯಿಂದ?

ಇಲ್ಲಿ ಭೌತಶಾಸ್ತ್ರದ ಒಂದು ಮಾತು ಅವಶ್ಯ. ಇಂಥ ಆಟಗಳಲ್ಲಿ ತೆರೆಯ ಮೇಲೆ ಸಾಮಾನ್ಯವಾಗಿ ಸೆಕೆಂಡಿಗೆ 60 ಚಿತ್ರಗಳು ಮೂಡುತ್ತವೆ. ಕಣ್ಣಿಗೆ ಕಂಡುದಕ್ಕೆ ಕೈ ಪ್ರತಿಕ್ರಿಯೆ ತೋರಲು ಮನುಷ್ಯನಿಗೆ ಸುಮಾರು ಕಾಲು ಸೆಕೆಂಡು, ಎಂದರೆ 15 ಚಿತ್ರಗಳಷ್ಟು ಕಾಲ ಬೇಕು. ಅತಿ ಚುರುಕಾದ ಗುದ್ದು ತಾಗಲು ಮೂರು ನಾಲ್ಕು ಚಿತ್ರಗಳು ಸಾಕು. ಆದುದರಿಂದ ಆ ಗುದ್ದನ್ನು ನೋಡಿ ತಡೆಯುವುದು ಎಷ್ಟೇ ಚುರುಕಿನವನಿಗೂ ಅಸಾಧ್ಯ; ಅದನ್ನು ಮುಂಚಿತವಾಗಿ ಊಹಿಸಬೇಕು. ಊಹೆ ಬಂದಲ್ಲಿ ಸಂಭಾವ್ಯತೆಯ ಗಣಿತವೂ ಬಂತು. ಈ ಬಗೆಯ ಆಟಗಳ ಮೂಲಪ್ರಮೇಯವನ್ನು ಜಾನ್ ಫಾನ್ ನಾಯ್ಮನ್ನನು 1928ರಲ್ಲಿ ಪ್ರಕಟಿಸಿದನು.

ಆಟವನ್ನು ಮೂರೇ ಉಪಾಯಗಳಿಗೆ ಇಳಿಸಿ ನೋಡೋಣ: ಏಟು, ಹಿಡಿತ, ತಡೆ. ಏಟು ಹಿಡಿತವನ್ನು ಗೆಲ್ಲುತ್ತದೆ, ಹಿಡಿತ ತಡೆಯನ್ನು, ತಡೆ ಏಟನ್ನು. ಪ್ರತಿ ಗೆಲುವಿಗೂ ಒಂದೇ ಅಂಕವಾದರೆ ಮೂರನ್ನೂ ಸಮನಾಗಿ, ಮೂರರಲ್ಲೊಂದು ಪಾಲಿನಂತೆ, ಎದುರಾಳಿಗೆ ಸುಳಿವು ಸಿಗದ ಹಾಗೆ ಬೆರೆಸಿ ಆಡುವುದೇ ಉತ್ತಮ. ಈಗ ಆಟ ಕಟ್ಟಿದವನು ಏಟಿನ ಬಲವನ್ನು ಹೆಚ್ಚಿಸಿ, ಅದು ಹಿಡಿತವನ್ನು ಗೆದ್ದಾಗ ಎರಡು ಅಂಕ ಕೊಡುವನೆನ್ನಿ. ಜಾಣನು ಏಟನ್ನೇ ಹೆಚ್ಚಾಗಿ ಹಾಕುವನಲ್ಲವೆ? ಲೆಕ್ಕ ಬೇರೆ ಹೇಳುತ್ತದೆ. ಉತ್ತಮ ಪಾಲುಗಳು ಈಗ ಹೀಗಾಗುತ್ತವೆ: ಏಟು ಕಾಲು ಭಾಗ, ಹಿಡಿತ ಕಾಲು ಭಾಗ, ತಡೆ ಅರ್ಧ ಭಾಗ. ವಾಚಕರು ತಾಳೆ ನೋಡಬಹುದು. ಎದುರಾಳಿ ಹೀಗೆ ಆಡುವಾಗ ನಾವು ಏಟನ್ನೇ ಹಾಕುತ್ತ ಹೋದರೆ ನಾಲ್ಕು ಸಲದಲ್ಲಿ ಒಂದು ಸಲ ಹಿಡಿತ ಸಿಕ್ಕಿ ಎರಡು ಅಂಕ ಬರುತ್ತವೆ. ಎರಡು ಸಲ ತಡೆಗೆ ಸಿಕ್ಕಿ ಎರಡು ಅಂಕ ಹೋಗುತ್ತವೆ. ಉಳಿದೊಂದು ಸಲ ಏಟಿಗೆ ಏಟು ಸರಿ. ಲಾಭ ಸೊನ್ನೆ. ಹಿಡಿತವನ್ನೇ ಅಥವಾ ತಡೆಯನ್ನೇ ಪರೀಕ್ಷಿಸಿದರೂ ಸೊನ್ನೆಯೇ.

ಏಟಿನ ಬಲ ಹೆಚ್ಚಿದುದರಿಂದ ಬಲ್ಲವರ ನಡುವೆ ಏಟು ಕಡಮೆಯಾಯಿತು, ತಡೆ ಹೆಚ್ಚಿತು! ಏಟಿನ ಭಯಕ್ಕೆ ಹಿಡಿತ ಹಿಂಜರಿಯುತ್ತದೆ. ಹಿಡಿತ ಹಿಂಜರಿದಾಗ ತಡೆಗೆ ಅಪಾಯ ಕಡಮೆ. ತಡೆ ಬೆಳೆದಾಗ ಏಟಿಗೆ ಬೆಲೆಯಿಲ್ಲ. ಹೊತ್ತು ಕಳೆಯಲು ಆಡುವ ಹುಡುಗರಾದರೋ ತಡೆಯನ್ನು ಅಷ್ಟಾಗಿ ಬಳಸುವುದಿಲ್ಲ. ಅವರ ನಡುವೆ ಅದೇ ಏಟು ಎಲ್ಲರನ್ನೂ ಉರುಳಿಸುತ್ತದೆ. ಒಂದೇ ನಿಯಮ, ಎರಡು ವಿರುದ್ಧ ಫಲ. "ಏಟು ಅತಿಯಾಯಿತು" ಎನ್ನುವ ಹುಡುಗನೂ ಸುಳ್ಳಾಡಲಿಲ್ಲ, "ಆಟ ಬರಿಯ ತಡೆಯಾಯಿತು" ಎನ್ನುವ ಪಂದ್ಯಾಳುವೂ ಸುಳ್ಳಾಡಲಿಲ್ಲ. ಹುಡುಗನ ದೂರನ್ನು ಅಲಕ್ಷಿಸಿದರೆ ಅವನು ಆಟವನ್ನೇ ಬಿಡುತ್ತಾನೆ. ಅವನಿಗಾಗಿಯೇ ನಿಯಮ ತಿದ್ದಿದರೆ ವರ್ಷಗಟ್ಟಲೆ ಪಳಗಿದವನ ವಿದ್ಯೆ ವ್ಯರ್ಥವಾಗುತ್ತದೆ.

ಇದಕ್ಕೆ ಪರಿಹಾರವಿಲ್ಲವೆ? ನಮ್ಮ ಉತ್ತರ ಕರ್ನಾಟಕದ ಜಾತ್ರೆಯ ಕುಸ್ತಿಗಳು ದಾರಿ ತೋರಿಸುತ್ತವೆ. ಅಲ್ಲಿ ಹಿರಿಯರು ಪಟ್ಟುಗಳ ಬಲವನ್ನು ತಿದ್ದಲು ಹೋಗುವುದಿಲ್ಲ. ಮೈಕಟ್ಟನ್ನೂ ಪಳಗಿಕೆಯನ್ನೂ ನೋಡಿ ಸರಿಜೋಡಿಯನ್ನು ಕಟ್ಟುತ್ತಾರೆ. ಆಟದ ಸಮತೋಲ ಬೇರೆ, ಜೋಡಿಯ ಸಮತೋಲ ಬೇರೆ ಎಂಬ ವಿವೇಕ ಇದರಲ್ಲಿ ಅಡಗಿದೆ. ಚದುರಂಗದಲ್ಲಿ ಈ ಜೋಡಿ ಕಟ್ಟುವ ಕೆಲಸವನ್ನು ಅಂಕಗಳಿಗೆ ಒಪ್ಪಿಸಿದವನು ಅಮೆರಿಕದ ಭೌತಶಾಸ್ತ್ರ ಪ್ರಾಧ್ಯಾಪಕ ಆರ್ಪಾಡ್ ಈಲೊ. ವಿಶ್ವ ಚದುರಂಗ ಸಂಸ್ಥೆ ಅವನ ಕ್ರಮವನ್ನು 1970ರಲ್ಲಿ ಅಂಗೀಕರಿಸಿತು. ಇಬ್ಬರ ಅಂತರ 200 ಅಂಕಗಳಾದರೆ ಮೇಲಿನವನಿಗೆ ನೂರಕ್ಕೆ ಸುಮಾರು 76ರಷ್ಟು ಫಲವನ್ನು ನಿರೀಕ್ಷಿಸಬಹುದು, ಅಂತರವಿಲ್ಲದಿದ್ದರೆ ಐವತ್ತೈವತ್ತು. ಇದೇ ಬಗೆಯ ಅಂಕಗಳು ಇಂದು ವಿಡಿಯೋ ಆಟಗಳಲ್ಲಿಯೂ ಜೋಡಿ ಕಟ್ಟುತ್ತವೆ. 2023ರ 'ಸ್ಟ್ರೀಟ್ ಫೈಟರ್ 6' ಇನ್ನೂ ಒಂದು ಹೆಜ್ಜೆ ಹೋಗಿ, ಕಷ್ಟದ ಪಟ್ಟುಗಳನ್ನು ಒಂದೇ ಗುಂಡಿಯಿಂದ ಹಾಕುವ ಸೌಕರ್ಯವನ್ನು ಹೊಸಬರಿಗೆ ಕೊಟ್ಟಿತು. ಹಾಗೆ ಹಾಕಿದ ಪಟ್ಟಿನ ಪೆಟ್ಟನ್ನು ಮಾತ್ರ ಐದರಲ್ಲೊಂದು ಪಾಲು ತಗ್ಗಿಸಿತು.

2023ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯಾ ಕ್ರೀಡಾಕೂಟದಲ್ಲಿ 'ಸ್ಟ್ರೀಟ್ ಫೈಟರ್ 5'ರ ಚಿನ್ನದ ಪದಕ ಗೆದ್ದವನು ದಕ್ಷಿಣ ಕೊರಿಯದ ಕಿಮ್ ಗ್ವಾನ್-ವೂ. ಆಗ ಅವನ ವಯಸ್ಸು 44. ಕೈಯ ಚುರುಕೇ ಸರ್ವಸ್ವವಾಗಿದ್ದರೆ ಆ ಪದಕ ಇಪ್ಪತ್ತರ ಹರೆಯದವರಿಗೇ ಮೀಸಲಾಗಬೇಕಿತ್ತು. ಕಾಲು ಸೆಕೆಂಡಿನ ಆಸುಪಾಸಿನ ಮಿತಿ ಎಲ್ಲರಿಗೂ ಇದೆ; ವಯಸ್ಸಾದಂತೆ ಅದು ತುಸು ಹೆಚ್ಚುತ್ತದೆ ಅಷ್ಟೆ. ಅದರಾಚೆ ಎದುರಾಳಿಯ ಮನಸ್ಸನ್ನು ಓದುವ ವಿದ್ಯೆ ಬೇಕು. ಆ ವಿದ್ಯೆಯಾದರೋ ತನಗೆ ಸರಿಸಮನಾದವನೊಡನೆ, ಸೋಲು-ಗೆಲುವುಗಳೆರಡನ್ನೂ ಕಾಣುತ್ತ ಆಡಿದವನಿಗೇ ದೊರೆಯುವಂಥದು.