ಆಫ್ರಿಕದ ಉಣ್ಣಿ ಜ್ವರ: ರೋಗವನ್ನೇ ಕೊಟ್ಟು ರೋಗ ತಡೆಯುವ ಲಸಿಕೆ

ರಾಸಿನ ಕಿವಿಯೊಳಗೆ ಕಚ್ಚಿಕೊಂಡ ಉಣ್ಣಿಯನ್ನು ಕಿತ್ತು ಕಲ್ಲಿನ ಮೇಲೆ ಅರೆಯದ ರೈತರಿಲ್ಲ. ಕೆಲವೆಡೆ ಇದನ್ನು ಉಣುಗು ಎಂದೂ ಕರೆಯುತ್ತೀರಿ. ಉಣ್ಣಿ ರಕ್ತ ಹೀರುತ್ತದೆಂಬುದು ನಿಮಗೆ ಗೊತ್ತೇ ಇದೆ. ಆದರೆ ಹೀರಿದ ರಕ್ತಕ್ಕಿಂತ ಅದು ಮೈಯೊಳಗೆ ಬಿಟ್ಟ ಜೊಲ್ಲಿನಿಂದಲೇ ಹೆಚ್ಚು ಕೇಡು. ಈ ಪಾಠವನ್ನು ಬಹಳ ಬೆಲೆ ತೆತ್ತು ಕಲಿತವರು ಪೂರ್ವ ಮತ್ತು ದಕ್ಷಿಣ ಆಫ್ರಿಕದ ದನಗಾಹಿಗಳು. ಅಲ್ಲಿನ ‘ಪೂರ್ವ ಕರಾವಳಿ ಜ್ವರ’ ಇಂದಿಗೂ ವರ್ಷಕ್ಕೆ ಹತ್ತು ಲಕ್ಷದಷ್ಟು ದನಗಳನ್ನು ಕೊಲ್ಲುತ್ತದೆಂದು ಅಂದಾಜು.

1896ರ ಸುಮಾರಿಗೆ ದೊಡ್ಡರೋಗ ಬಂದು ದಕ್ಷಿಣ ಆಫ್ರಿಕದ ಕೊಟ್ಟಿಗೆಗಳು ಬರಿದಾದವು. ಬರಿದಾದ ಕೊಟ್ಟಿಗೆ ತುಂಬಿಸಲು 1901ರ ವೇಳೆಗೆ ಪೂರ್ವ ಆಫ್ರಿಕದ ಕರಾವಳಿಯಿಂದ ದನಗಳನ್ನು ಹಡಗಿನಲ್ಲಿ ತರಿಸಿದರು. ದನಗಳ ಜೊತೆಗೆ ರೋಗವೂ ಇಳಿಯಿತು. ಇಂದು ಜಿಂಬಾಬ್ವೆ ಎನ್ನಿಸಿಕೊಂಡಿರುವ ಅಂದಿನ ರೊಡೇಷಿಯದಲ್ಲಿ ದನಗಳು ಸಾಲುಸಾಲಾಗಿ ಸತ್ತವು. ಕ್ಷಯರೋಗದ ಅಣುಜೀವಿಯನ್ನು ಕಂಡುಹಿಡಿದ ಜರ್ಮನಿಯ ರಾಬರ್ಟ್ ಕಾಕ್ ಅವರನ್ನೇ 1903ರಲ್ಲಿ ಅಲ್ಲಿಗೆ ಕರೆಸಿದರು. ರೋಗದಿಂದ ಚೇತರಿಸಿಕೊಂಡ ದನದ ರಕ್ತವನ್ನು ಮತ್ತೆ ಮತ್ತೆ ಚುಚ್ಚಿದರೆ ಆರೋಗ್ಯವಂತ ದನಕ್ಕೆ ರಕ್ಷಣೆ ಬರಬಹುದೆಂದು ಅವರು ನಂಬಿದ್ದರು. ಅದು ಫಲಿಸಲಿಲ್ಲ. ಅಷ್ಟು ದೊಡ್ಡ ವಿಜ್ಞಾನಿಯೂ ಎಡವಿದ್ದೇಕೆಂಬುದು ತಿಳಿದದ್ದು ಆಮೇಲೆ. ರೋಗ ಹತ್ತಿದ ದನದ ರಕ್ತ ಚುಚ್ಚಿದರೆ ಈ ರೋಗ ಸಾಮಾನ್ಯವಾಗಿ ಅಂಟುವುದೇ ಇಲ್ಲ. ಅಂಟಬೇಕಾದರೆ ಉಣ್ಣಿಯೇ ಬೇಕು. ಇದು ಬೇರೆಯೇ ರೋಗವೆಂದು ಟ್ರಾನ್ಸ್‌ವಾಲ್‌ನ ಆರ್ನಾಲ್ಡ್ ಥೈಲರ್ ತೋರಿಸಿದರು. ಕಿವಿಯಲ್ಲಿ ಕಚ್ಚುವ ಕಂದು ಉಣ್ಣಿಯೇ ಇದರ ವಾಹಕವೆಂದು ಕೇಪ್ ಪ್ರಾಂತದ ಕೀಟತಜ್ಞ ಲೌನ್ಸ್‌ಬರಿ 1904ರ ಹೊತ್ತಿಗೆ ಸಿದ್ಧಪಡಿಸಿದರು. ರೋಗಾಣುವಿಗೆ ಥೈಲರ್ ಅವರ ಹೆಸರೇ ನಿಂತು ‘ಥೈಲೇರಿಯಾ ಪಾರ್ವ’ ಎಂದಾಯಿತು.

ಈ ರೋಗಾಣು ಒಂದೇ ಜೀವಕೋಶದ ಪರೋಪಜೀವಿ. ಮರಿ ಉಣ್ಣಿಯು ರೋಗದ ದನದ ರಕ್ತ ಹೀರಿ, ನೆಲಕ್ಕೆ ಬಿದ್ದು, ಪೊರೆ ಕಳಚಿ, ಮುಂದಿನ ಹಂತದಲ್ಲಿ ಇನ್ನೊಂದು ದನವನ್ನು ಹತ್ತುತ್ತದೆ. ಹತ್ತಿದ ಕೂಡಲೇ ರೋಗ ದಾಟುವುದಿಲ್ಲ. ಎರಡು ಮೂರು ದಿನ ರಕ್ತ ಹೀರಿದ ಮೇಲೆ ಜೊಲ್ಲುಗ್ರಂಥಿಯಲ್ಲಿ ರೋಗಾಣು ಬಲಿತು ದನದೊಳಗೆ ಇಳಿಯುತ್ತದೆ. ಅಲ್ಲಿ ಅದು ಮಾಡುವ ಕೆಲಸ ವಿಚಿತ್ರ. ಮೈ ಕಾಯಬೇಕಾದ ಬಿಳಿ ರಕ್ತಕಣದೊಳಗೇ ಹೊಕ್ಕು, ಆ ಕಣವನ್ನು ಅರ್ಬುದದ ಕೋಶದಂತೆ ಎಡೆಬಿಡದೆ ಒಡೆದು ಹೆಚ್ಚುವ ಹಾಗೆ ಮಾಡುತ್ತದೆ. ಕಣ ಒಡೆದಾಗಲೆಲ್ಲ ರೋಗಾಣುವೂ ಪಾಲಾಗಿ ಎರಡರಲ್ಲೂ ಸೇರುತ್ತದೆ. ಕಿವಿಯ ಬುಡದ ದುಗ್ಧಗ್ರಂಥಿ ಊದಿಕೊಳ್ಳುತ್ತದೆ, ಜ್ವರ ಏರುತ್ತದೆ, ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬಿ ಮೂಗಿನಲ್ಲಿ ನೊರೆ ಬರುತ್ತದೆ. ರೋಗದ ಪರಿಚಯವೇ ಇಲ್ಲದ ಮಂದೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ದನಗಳು ಮೂರು ನಾಲ್ಕು ವಾರದಲ್ಲಿ ಸಾಯುವುದುಂಟು.

ಉಣ್ಣಿಯೇ ಕಾರಣವಾದ ಮೇಲೆ ಉಣ್ಣಿಯನ್ನು ಕೊಂದರಾಯಿತಲ್ಲ? ಹಾಗೆಯೇ ಮಾಡಿದರು. ದನಗಳನ್ನು ಕೆಲವೇ ದಿನಗಳಿಗೊಮ್ಮೆ ಔಷಧದ ತೊಟ್ಟಿಯಲ್ಲಿ ಈಜಾಡಿಸಿ ದಾಟಿಸಿದರು, ಸಾಗಾಣಿಕೆ ತಡೆದರು, ರೋಗದ ಮಂದೆಗಳನ್ನು ಕೊಂದರು. ದಕ್ಷಿಣ ಆಫ್ರಿಕದಲ್ಲಿ 1950ರ ದಶಕದ ನಡುವಿನ ಹೊತ್ತಿಗೆ ರೋಗ ಅಳಿಯಿತು. ಆದರೆ ತೊಟ್ಟಿಯ ನಂಬಿಕೆಗೆ ಇನ್ನೊಂದು ಮುಖವೂ ಇದೆ. ರೊಡೇಷಿಯದಲ್ಲಿ 1970ರ ದಶಕದ ಯುದ್ಧದಿಂದಾಗಿ ತೊಟ್ಟಿಗಳು ನಿಂತುಹೋದವು. ಉಣ್ಣಿಯ ಕಡಿತವನ್ನೇ ಕಾಣದೆ ಬೆಳೆದಿದ್ದ ದನಗಳಿಗೆ ಉಣ್ಣಿಯಿಂದ ಹರಡುವ ಬೇರೆ ಬೇರೆ ರೋಗಗಳು ಒಮ್ಮೆಲೇ ಎರಗಿ, ಸುಮಾರು ಹತ್ತು ಲಕ್ಷ ದನಗಳು ಸತ್ತವೆಂದು ಲೆಕ್ಕ ಹಾಕಲಾಗಿದೆ. ಎಳೆಯದರಲ್ಲಿ ಸ್ವಲ್ಪ ಸೋಂಕು ತಾಗಿ ಬದುಕಿದ ಕರುವಿಗೆ ಇರುವ ತಡೆಯುವ ಶಕ್ತಿ ಇವಕ್ಕೆ ಇರಲಿಲ್ಲ.

ಹಾಗಾದರೆ ಕರುವಿಗೆ ರೋಗವನ್ನೇ ಕೊಟ್ಟು, ಸಾಯದಂತೆ ನೋಡಿಕೊಳ್ಳಬಹುದೆ? ಕೆನ್ಯಾದ ನೈರೋಬಿಯ ಬಳಿ ಮುಗುಗ ಎಂಬಲ್ಲಿನ ಸಂಶೋಧಕರು ಹಿಡಿದದ್ದು ಈ ದಾರಿ. ರೋಗದ ದನದ ಮೇಲೆ ಬೆಳೆದ ಉಣ್ಣಿಗಳನ್ನು ಮೊಲದ ಮೇಲೆ ಕೆಲವು ದಿನ ಮೇಯಿಸಿ, ಜೊಲ್ಲಿನ ರೋಗಾಣು ಬಲಿತಾಗ ಉಣ್ಣಿಗಳನ್ನು ಅರೆದು, ಆ ರಸವನ್ನು ಹೆಪ್ಪುಗಟ್ಟಿಸಿ ದ್ರವ ಸಾರಜನಕದಲ್ಲಿ ಇಟ್ಟರು. ಕರುವಿಗೆ ಈ ರಸವನ್ನು ಚುಚ್ಚುವಾಗಲೇ ನಿಧಾನವಾಗಿ ಕರಗುವ ಆಕ್ಸಿಟೆಟ್ರಾಸೈಕ್ಲಿನ್ ಸೂಜಿಯನ್ನೂ ಕೊಡುತ್ತಾರೆ. ರೋಗ ತಲೆಯೆತ್ತುತ್ತದೆ, ಆದರೆ ಮೇಲೇರುವುದಿಲ್ಲ. ಅಷ್ಟರಲ್ಲಿ ಕರು ಅದನ್ನು ಎದುರಿಸಲು ಕಲಿಯುತ್ತದೆ. ಒಂದು ತಳಿಯ ರೋಗಾಣುವಿಗೆ ಕಲಿತ ಕರು ಇನ್ನೊಂದಕ್ಕೆ ಸೋಲುತ್ತಿದ್ದುದರಿಂದ ಮೂರು ತಳಿಗಳನ್ನು ಬೆರೆಸಿದರು. 1970ರ ದಶಕದಲ್ಲಿ ರೂಪುಗೊಂಡ ಈ ಬೆರಕೆಗೆ ‘ಮುಗುಗ ಕಾಕ್‌ಟೇಲ್’ ಎಂದೇ ಹೆಸರು. ಕಾಕ್ ಎಡವಿದಲ್ಲಿ ಗೆಲ್ಲಲು ಎಪ್ಪತ್ತು ವರ್ಷ ಹಿಡಿಯಿತು. ಉತ್ತರ ಟಾಂಜಾನಿಯದ ಮಸಾಯಿ ದನಗಾಹಿಗಳು ತಮ್ಮ ಕೈಯ ಹಣ ಕೊಟ್ಟೇ ಈ ಲಸಿಕೆ ಹಾಕಿಸುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಇದು ಮಲಾವಿಯ ಲಿಲಾಂಗ್ವೆಯಲ್ಲಿ ತಯಾರಾಗುತ್ತಿದೆ.

ಇದು ಸಲೀಸಾದ ಲಸಿಕೆಯಲ್ಲ. ತಣ್ಣನೆಯ ಪಾತ್ರೆಯಿಂದ ತೆಗೆದ ಕಡ್ಡಿಯಲ್ಲಿ ಹತ್ತಾರು ಕರುಗಳಿಗಾಗುವಷ್ಟು ರಸವಿರುತ್ತದೆ; ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಎರಡು ಕರು ಸಾಕಿದವನು ನೆರೆಹೊರೆಯವರನ್ನು ಕೂಡಿಸಿಕೊಳ್ಳದೆ ಗತಿಯಿಲ್ಲ. ಕರುವಿನ ತೂಕದ ಅಂದಾಜು ತಪ್ಪಿ ಔಷಧ ಕಡಿಮೆಯಾದರೆ, ಲಸಿಕೆಯೇ ರೋಗವಾಗುತ್ತದೆ. ಲಸಿಕೆ ಪಡೆದ ದನ ರೋಗಾಣುವನ್ನು ಹೊತ್ತು ತಿರುಗಬಹುದಾದ್ದರಿಂದ ರೋಗವಿಲ್ಲದ ನಾಡಿಗೆ ಇದು ಸಲ್ಲದು. ಇದಕ್ಕಾಗಿಯೇ ಬೇರೆ ದಾರಿಗಳ ಹುಡುಕಾಟ ನಿಂತಿಲ್ಲ. ಪಶ್ಚಿಮ ಕೆನ್ಯಾದಲ್ಲಿ 548 ಕರುಗಳನ್ನು ಹುಟ್ಟಿದಂದಿನಿಂದ ಒಂದು ವರ್ಷ ಗಮನಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಇದೇ ಜಾತಿಯ ಸೌಮ್ಯ ರೋಗಾಣುಗಳೂ ಮೈಯಲ್ಲಿದ್ದ ಕರುಗಳಲ್ಲಿ ಪೂರ್ವ ಕರಾವಳಿ ಜ್ವರದ ಸಾವು ಶೇಕಡ 89ರಷ್ಟು ಕಡಿಮೆ ಇತ್ತು. ಬೋರಾನ್ ಎಂಬ ಡುಬ್ಬದ ನಾಟಿ ತಳಿಯ ಒಂದು ವಂಶದಲ್ಲಿ ರೋಗ ತಾಳುವ ಗುಣ ತಲೆಮಾರಿನಿಂದ ತಲೆಮಾರಿಗೆ ಇಳಿಯುವುದು 2022ರ ವರದಿಯಲ್ಲಿ ಕಂಡುಬಂದಿದೆ.

ಥೈಲೇರಿಯಾ ಪಾರ್ವ ನಮ್ಮ ನಾಡಿನಲ್ಲಿಲ್ಲ. ಆದರೆ ಅದರ ದಾಯಾದಿ ‘ಥೈಲೇರಿಯಾ ಅನ್ಯುಲೇಟ’ ಇಲ್ಲಿದೆ. ಹೆಚ್ಚು ಹಾಲು ಕೊಡುವ ಮಿಶ್ರತಳಿ ಹಸುಗಳನ್ನೇ ಅದು ಮೊದಲು ಹಿಡಿಯುತ್ತದೆ. ಇದರ ಮಟ್ಟಿಗೆ ನಾವು ಅದೃಷ್ಟವಂತರು. ಪ್ರಯೋಗಾಲಯದಲ್ಲಿ ಬಿಳಿ ರಕ್ತಕಣಗಳಲ್ಲಿ ಬಹುಕಾಲ ಬೆಳೆಸಿದಾಗ ಈ ರೋಗಾಣುವಿನ ಉಗ್ರತೆ ಕುಗ್ಗುತ್ತದೆ. ಹಾಗೆ ಸಾಧುಗೊಳಿಸಿದ್ದೇ ಭಾರತದಲ್ಲಿ ಲಸಿಕೆಯಾಗಿದೆ. ಆಫ್ರಿಕದ ರೋಗಾಣುವಿಗೆ ಈ ಉಪಾಯ ಒಗ್ಗಲಿಲ್ಲ, ಏಕೆಂದರೆ ಚುಚ್ಚಿದ ಕಣಗಳನ್ನು ದನದ ಮೈ ಪರಕೀಯವೆಂದು ತಳ್ಳಿಬಿಡುತ್ತದೆ, ರೋಗಾಣು ಹೊಸ ಕಣಗಳಿಗೆ ದಾಟಲು ಅವಕಾಶವೇ ಸಾಲದು.

ನಮ್ಮಲ್ಲಿ ಇದನ್ನು ಹರಡುವ ಉಣ್ಣಿ ಹುಲ್ಲುಗಾವಲಿಗಿಂತ ಕೊಟ್ಟಿಗೆಯ ಗೋಡೆಯ ಬಿರುಕಿನಲ್ಲಿ ಹೆಚ್ಚು ವಾಸಿಸುತ್ತದೆ. ಆದ್ದರಿಂದ ಹಸುವಿನ ಮೈಗೆ ಔಷಧ ಹಚ್ಚಿ ಗೋಡೆಯನ್ನು ಮರೆತರೆ ಪ್ರಯೋಜನವಿಲ್ಲ. ಬಿರುಕು ಮುಚ್ಚಿ ಸುಣ್ಣ ಬಳಿಯಿರಿ. ಎರಡು ದಿನಕ್ಕೊಮ್ಮೆ ಕಿವಿ, ಕೆಚ್ಚಲು, ಬಾಲದ ಬುಡ ತಡವಿ ಉಣ್ಣಿ ತೆಗೆದರೆ ಜೊಲ್ಲಿನ ರೋಗಾಣು ಬಲಿಯುವ ಮೊದಲೇ ತೆಗೆದಂತಾಗುತ್ತದೆ. ಜ್ವರದೊಡನೆ ಭುಜದ ಮುಂದಿನ ಗ್ರಂಥಿ ನಿಂಬೆಹಣ್ಣಿನಂತೆ ಕೈಗೆ ಸಿಕ್ಕಿದರೆ ಅಂದೇ ಪಶುವೈದ್ಯರನ್ನು ಕರೆಯಿರಿ. ಬುಪಾರ್ವಕ್ವೋನ್ ಎಂಬ ಔಷಧ ಆಫ್ರಿಕದಲ್ಲೂ ಇಲ್ಲೂ ರೋಗದ ಮೊದಲ ದಿನಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಹಸು ಏದುಸಿರು ಬಿಡತೊಡಗಿದ ಮೇಲೆ ಕೊಟ್ಟರೆ ಅದರ ಬಲ ಕಡಿಮೆ.